ಮೊಹರು ಒಡೆಯದ ಪೆಟ್ಟಿಗೆ

ಮೂವತ್ತೆರಡು ವರ್ಷ ಶ್ರೀನಿವಾಸಪುರ–ಕೋಲಾರ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದ ವೆಂಕಟರಾಯಪ್ಪನಿಗೆ ಒಂದು ಕಡೆ ಕೂರುವುದೆಂದರೆ ಮೊದಲೇ ಆಗದ ಕೆಲಸ. ಆ ಬುಧವಾರ ಬೆಳಿಗ್ಗೆಯಂತೂ ಅವನು ಅಶ್ವತ್ಥಮ್ಮನ ಮನೆಯ ಜಗಲಿಯನ್ನು ಆ ತುದಿಯಿಂದ ಈ ತುದಿಗೆ ಅಳೆದು ಅಳೆದು, ನೋಡುವವರ ತಲೆ ತಿರುಗುವಂತೆ ಮಾಡಿದ್ದ. ಎರಡು ದಿನದಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಸೋಮವಾರ ನಾಲ್ಕು ಜನರ ಮುಂದೆ ನಿಂತು ಒಂದು ಸತ್ಯ ಹೇಳಿ ಬಂದಿದ್ದ. ಆ ಸತ್ಯದಿಂದ ಒಬ್ಬ ಒಳ್ಳೆಯ ಹೆಂಗಸಿನ ಮಾನ ಹೋಗುವುದರಲ್ಲಿತ್ತು.

"ಕೂತ್ಕೊಳಯ್ಯ ರಾಯಪ್ಪ," ಅಂದಳು ಅಶ್ವತ್ಥಮ್ಮ, ಮೊರದಲ್ಲಿದ್ದ ಹುರುಳಿಕಾಯಿಯ ನಾರು ತೆಗೆಯುತ್ತ. "ನೀನು ಓಡಾಡಿದ್ರೆ ಭೂಮಿ ತಿರುಗಲ್ಲ."

"ಕೂರಕ್ಕಾಗಲ್ಲ ಅಕ್ಕಾ. ಅಗೋ, ಅವರೇ ಬರ್ತಾವ್ರೆ!" ಎಂದವನೇ ವೆಂಕಟರಾಯಪ್ಪ ಜಗಲಿಯ ಕಂಬದ ಹಿಂದೆ ಸರಿದ. ಅವನ ಹೊಟ್ಟೆಯನ್ನು ಮುಚ್ಚುವಷ್ಟು ಆ ಕಂಬ ದಪ್ಪವಿರಲಿಲ್ಲ.

ಅಶ್ವತ್ಥಮ್ಮನ ವಿಷಯ ಕೋಲಾರದ ಸುತ್ತಮುತ್ತ ಗೊತ್ತಿಲ್ಲದವರು ಕಡಿಮೆ. ಮಾಲೂರು ತಾಲ್ಲೂಕಿನ ಮಾಸ್ತಿ ಕಡೆಯ ಹಾಲಿನ ಡೈರಿಯಲ್ಲಿ ಮೂವತ್ತು ವರ್ಷ ಹಾಲು ಪರೀಕ್ಷೆ ಮಾಡಿದವಳು. ಲ್ಯಾಕ್ಟೋಮೀಟರ್ ಅದ್ದುವುದಕ್ಕೆ ಮುಂಚೆ ಕ್ಯಾನು ಇಳಿಸಿದವನ ಕೈ ನೋಡುತ್ತಿದ್ದಳಂತೆ. ನೀರು ಬೆರೆಸಿದ ಕೈ ಕ್ಯಾನನ್ನು ಇಳಿಸುವ ರೀತಿಯೇ ಬೇರೆಯಂತೆ. ನಿವೃತ್ತಿಯಾಗಿ ಕೋಲಾರಕ್ಕೆ ಬಂದ ಮೇಲೆ ಮಾಲೂರಿನ ಹೆಂಚಿನ ಕಾರ್ಖಾನೆಯ ಕಳವು ಪತ್ತೆ ಮಾಡಿದ್ದು, ಮುಳಬಾಗಿಲಿನ ಉಯಿಲಿನ ಗೋಜಲು ಬಿಡಿಸಿದ್ದು ಅವಳೇ. ಪಕ್ಕದ ಮನೆಯ ವೆಂಕಟರಾಯಪ್ಪ ಇವೆಲ್ಲದರಲ್ಲೂ ಜೊತೆಗಿದ್ದ. ತನ್ನಿಂದಲೇ ಅರ್ಧ ಬಗೆಹರಿಯಿತೆಂದು ಅವನು ಹೇಳಿಕೊಂಡು ತಿರುಗುತ್ತಿದ್ದ, ಅವಳು ಅದನ್ನು ತಿದ್ದುತ್ತಿರಲಿಲ್ಲ.

ಬಂದವರು ಡಾ. ಶೋಭಾರಾಣಿ. ಅದೇ ಬೀದಿಯ ಕೊನೆಯ ಮನೆ. ಮುಳಬಾಗಿಲು ರಸ್ತೆಯ ಕಾಲೇಜೊಂದರ ಸಂಶೋಧನಾ ಕೇಂದ್ರದಲ್ಲಿ ರಸಾಯನಶಾಸ್ತ್ರದ ಪ್ರೊಫೆಸರು. ಯಾವಾಗಲೂ ಇಸ್ತ್ರಿ ಮಾಡಿದ ಸೀರೆಯಲ್ಲಿರುತ್ತಿದ್ದ ಹೆಂಗಸು ಅಂದು ಎರಡು ಕಾಲಿಗೆ ಎರಡು ಬೇರೆ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದರು.

"ಕಂಬದ ಹಿಂದಿರೋರು ಈಚೆ ಬರಲಿ," ಅಂದರು ಶೋಭಾರಾಣಿ. "ಅವರದೇನೂ ತಪ್ಪಿಲ್ಲ. ಕಂಡದ್ದನ್ನ ಕಂಡ ಹಾಗೆ ಹೇಳಿದ್ರು. ಅಶ್ವತ್ಥಮ್ಮನವರೇ, ಶುಕ್ರವಾರ ಹನ್ನೊಂದು ಗಂಟೆಗೆ ನಾನು ಸುಳ್ಳಿ ಅಂತ ಬರೆದು ಸಹಿ ಹಾಕ್ತಾರೆ. ಇಪ್ಪತ್ತಾರು ವರ್ಷ ದುಡಿದದ್ದೆಲ್ಲ ಸುಳ್ಳಾಗುತ್ತೆ."

"ಮೊದಲಿಂದ ಹೇಳಿ. ನಾನು ಹಾಲಿನೋಳು. ನನಗೆ ತಿಳಿಯೋ ಹಾಗೆ ಹೇಳಿ."

ಶೋಭಾರಾಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದರು. "ಮಾಮೂಲಿ ರಬ್ಬರು, ಪ್ಲಾಸ್ಟಿಕ್ಕು ಅಂದ್ರೆ ಬೆಸೆದ ಕೊಂಡಿಗಳ ಉದ್ದನೆ ಸರಪಳಿ. ಅದನ್ನೇ ಪಾಲಿಮರ್ ಅನ್ನೋದು. ಕತ್ತರಿಸಿದ್ರೆ ಮುಗೀತು. ನಾನು ಮಾಡೋದು ಸೂಪ್ರಾಮಾಲಿಕ್ಯುಲರ್ ಪಾಲಿಮರ್. ಅದರಲ್ಲಿ ಅಣುಗಳು ಬೆಸೆದಿರಲ್ಲ, ಬರೀ ಕೈ ಹಿಡ್ಕೊಂಡು ನಿಂತಿರ್ತವೆ. ಬಿಡಿಸಿದ್ರೆ ಬಿಡ್ತವೆ. ತಕ್ಷಣ ಹತ್ತಿರ ತಂದು ಬೆಚ್ಚಗೆ ಮಾಡಿದ್ರೆ ಮತ್ತೆ ಹಿಡ್ಕೊಳ್ತವೆ. ಇದಕ್ಕೋಸ್ಕರ ಹತ್ತು ವರ್ಷ ಬರೀ ಸೋತಿದೀನಿ. ಮಾಡಿದ್ದೆಲ್ಲ ಕೆಟ್ಟ ಹಾಲಿನ ಹಾಗೆ ಒಡೆದುಹೋಗ್ತಿತ್ತು. ಮೂರು ವರ್ಷದ ಹಿಂದೆ ಸರಿಹೋಯ್ತು. ಮಾವಿನ ಹಣ್ಣಿಗೆ ತೆಳ್ಳಗೆ ಲೇಪ ಕೊಟ್ಟೆವು. ಸಾಗಿಸುವಾಗ ಗೀರು ಬಿದ್ರೂ ಲೇಪ ತಾನೇ ಕೂಡಿಕೊಳ್ಳುತ್ತೆ, ಇಪ್ಪತ್ತು ದಿನ ಹಣ್ಣು ಕೆಡಲ್ಲ. ಸಂಶೋಧನಾ ಪೇಪರ್ ಬಂತು, ಹೆಸರು ಬಂತು."

"ಆಮೇಲೆ?"

"ನಮ್ಮ ವಿಭಾಗದ ಮುಖ್ಯಸ್ಥರು, ಡಾ. ಮುನಿಕೃಷ್ಣ, ದೂರು ಕೊಟ್ರು. ಪೇಪರಿನಲ್ಲಿ ಬರೆದ ಹಾಗೇ ಮೂರು ಸಲ ಮಾಡಿದೆ, ಮೂರು ಸಲವೂ ಒಡೆದುಹೋಯ್ತು, ಈಯಮ್ಮ ಫೋಟೋದಲ್ಲಿ ತಾಜಾ ಹಣ್ಣು ತೋರಿಸಿದಾಳೆ ಅಂತ. ಸಮಿತಿ ಆಯ್ತು. ಎಲ್ಲರ ಎದುರಿಗೇ ಪರೀಕ್ಷೆ ಆಗಲಿ ಅಂತ ನಾನೇ ಹಟ ಹಿಡಿದೆ."

ಮುಂದಿನದು ವೆಂಕಟರಾಯಪ್ಪನಿಗೂ ಗೊತ್ತಿತ್ತು. ಮೂರು ವಾರದ ಹಿಂದಿನ ಸೋಮವಾರ ಎರಡು ಸ್ಟೀಲ್ ಪೆಟ್ಟಿಗೆಗಳಲ್ಲಿ ಹನ್ನೆರಡು ಹನ್ನೆರಡು ಬಾದಾಮಿ ಮಾವು ಇಟ್ಟರು. ಒಂದರಲ್ಲಿ ಲೇಪ ಹಾಕಿದವು, ಇನ್ನೊಂದರಲ್ಲಿ ಹಾಕದವು. ಒಂದರ ಗಾಳಿ ಇನ್ನೊಂದಕ್ಕೆ ತಾಗಬಾರದೆಂದು ಮುಚ್ಚಳದ ಸುತ್ತ ಮೇಡಂ ಮಾಡಿದ ರಬ್ಬರಿನದೇ ಎರಡು ಬೆರಳಗಲದ ಪಟ್ಟಿ ಅಂಟಿಸಿದರು. ಪಟ್ಟಿಯ ಮೇಲೆ ಅಡ್ಡವಾಗಿ ಮೂವರ ಸಹಿ: ಸಮಿತಿಯ ಅಧ್ಯಕ್ಷರದು, ಮುನಿಕೃಷ್ಣರದು, ಸಾರ್ವಜನಿಕರ ಪರವಾಗಿ ವೆಂಕಟರಾಯಪ್ಪನದು. ಪಟ್ಟಿ ಕತ್ತರಿಸದೆ ಮುಚ್ಚಳ ತೆಗೆಯಲಾಗದು, ಕತ್ತರಿಸಿದರೆ ಸಹಿ ಉಳಿಯದು. ಇಪ್ಪತ್ತೊಂದನೆಯ ದಿನ, ಅಂದರೆ ಮೊನ್ನೆ ಸೋಮವಾರ, ಅಧ್ಯಕ್ಷರು ಅವನನ್ನು ಕೇಳಿದ್ದರು: "ಸಹಿ ನಿಮ್ಮದೇ ತಾನೇ? ಎಲ್ಲಾದರೂ ಗೀರು ಕಾಣುತ್ತಾ?" ವೆಂಕಟರಾಯಪ್ಪ ಬಸ್ ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ, "ನಂದೇ ಸಾರ್! ಕೂದಲಷ್ಟೂ ಗೀರಿಲ್ಲ!" ಎಂದಿದ್ದ. ಸಹಿ ಕೆಡದಂತೆ ಪಟ್ಟಿಯ ಕೆಳಗಂಚನ್ನು ಬ್ಲೇಡಿನಿಂದ ಕೆರೆದು ಬಿಡಿಸಿ ಮುಚ್ಚಳ ತೆಗೆದರು; ಹಾಗೆ ಕೆರೆದ ಅಂಚು ಮತ್ತೆ ಅಂಟುವಂತಿರಲಿಲ್ಲ. ಎರಡು ಪೆಟ್ಟಿಗೆಯ ಹಣ್ಣೂ ಕಪ್ಪಾಗಿ ಕೊಳೆತಿದ್ದವು. ಲೇಪದಿಂದ ಏನೂ ಆಗಿಲ್ಲವೆಂದು ಮುನಿಕೃಷ್ಣರ ದೂರು ನಿಜವಾಯಿತು.

"ಇವು ನಾನಿಟ್ಟ ಹಣ್ಣಲ್ಲ, ಯಾರೋ ಬದಲಾಯಿಸಿದಾರೆ ಅಂದೆ," ಅಂದರು ಶೋಭಾರಾಣಿ. "ಈ ರಬ್ಬರು ಕತ್ತರಿಸಿದ್ರೂ ಕೂಡಿಕೊಳ್ಳುತ್ತೆ ಅಂದೆ. 'ಹಾಗಾದ್ರೆ ಅದರಲ್ಲೇ ಯಾಕೆ ಮೊಹರು ಮಾಡಿದ್ರಿ' ಅಂತ ಕೇಳಿದ್ರು. ರಬ್ಬರು ಕೂಡಿದ್ರೂ ಮಸಿ ಕೂಡಲ್ಲವಲ್ಲ, ಸಹಿ ಒಡೆದದ್ದು ಕಾಣುತ್ತೆ ಅಂತ ನಾನು ನೆಚ್ಚಿಕೊಂಡಿದ್ದೆ. ಸಹಿ ಒಡೆದೇ ಇಲ್ಲ. ಈಗ ನಾನು ಏನು ಹೇಳಿದ್ರೂ ನೆಪ."

ಅಶ್ವತ್ಥಮ್ಮ ಹುರುಳಿಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು. "ಪೆಟ್ಟಿಗೆ ಇದ್ದ ಕೋಣೆಗೆ ಯಾರ್ಯಾರು ಹೋಗಬಹುದು?"

"ನಾನು, ಮುನಿಕೃಷ್ಣ, ಲ್ಯಾಬಿನ ನಂದೀಶ, ಮೂವರ ಹತ್ತಿರ ಬೀಗದಕೈ ಇದೆ. ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಚಂದನ ನನ್ನದನ್ನೇ ಇಸ್ಕೊಂಡು ಹೋಗ್ತಾಳೆ. ರಬ್ಬರಿನ ಗುಣ ನಾಲ್ಕೂ ಜನಕ್ಕೆ ಗೊತ್ತು."

"ಕತ್ತರಿಸಿದ್ದು ಎಷ್ಟು ಹೊತ್ತಿನೊಳಗೆ ಕೂಡಿಸಬೇಕು?"

"ಅರ್ಧ ಗಂಟೆ. ತಡವಾದ್ರೆ ಕತ್ತರಿಸಿದ ಮೈಯಲ್ಲಿರೋ ಕೈಗಳು ತಮ್ಮತಮ್ಮಲ್ಲೇ ಹಿಡ್ಕೊಂಡುಬಿಡ್ತವೆ. ಆಮೇಲೆ ಏನು ಮಾಡಿದ್ರೂ ಸೇರಲ್ಲ."

"ಅಂದ್ರೆ ಹೊಕ್ಕವರು ಅವಸರದಲ್ಲಿದ್ರು," ಅಂದಳು ಅಶ್ವತ್ಥಮ್ಮ. "ನಾಳೆ ಬರ್ತೀವಿ ಮೇಡಂ. ಹೋಗುವಾಗ ಚಪ್ಪಲಿ ನೋಡ್ಕೊಂಡು ಹೋಗಿ."

ಗುರುವಾರ ಬೆಳಿಗ್ಗೆ ಅಶ್ವತ್ಥಮ್ಮ ಲ್ಯಾಬಿಗೆ ಹೊರಟಾಗ ಅವಳ ಕೈಯಲ್ಲಿ ಒಂದು ಭೂತಗನ್ನಡಿ, ವೆಂಕಟರಾಯಪ್ಪನ ಹೆಗಲ ಮೇಲೆ ಒಂದು ಚೀಲ ಮಾವಿನ ಹಣ್ಣು. "ಯಾರಿಗಕ್ಕಾ ಇಷ್ಟೊಂದು?" ಎಂದರೆ, "ಹೋದ ಕಡೆ ಬರಿಗೈಲಿ ಹೋಗ್ತಾರೇನಯ್ಯ," ಎಂದು ಬಾಯಿ ಮುಚ್ಚಿಸಿದಳು.

ಮೊದಲು ಪೆಟ್ಟಿಗೆ. ಎರಡು ಮುಚ್ಚಳಗಳನ್ನೂ ಪಟ್ಟಿಯ ಸಮೇತ ಸಮಿತಿಯವರು ಕಪಾಟಿನಲ್ಲಿ ಇಟ್ಟಿದ್ದರು. ಅಶ್ವತ್ಥಮ್ಮ ವೆಂಕಟರಾಯಪ್ಪನ ಸಹಿಯ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಅವನ ಸಹಿಯ ಕೊನೆಯ ಗೀಟು ಪಟ್ಟಿಯ ಮೇಲಂಚಿನಿಂದ ಕೆಳಗಂಚಿನವರೆಗೂ ಉದ್ದಕ್ಕೆ ಇಳಿಯುತ್ತಿತ್ತು.

"ಈ ಬಾಲ ಯಾವಾಗಲೂ ಇಷ್ಟು ಉದ್ದ ಎಳೀತೀಯಾ?"

"ಮೂವತ್ತೆರಡು ವರ್ಷದಿಂದ ಹಂಗೇ ಅಕ್ಕಾ. ಒಂದೇ ಏಟಿಗೆ ಸರ್ರ್ ಅಂತ."

ಅವಳು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟಳು. ಒಂದೇ ಏಟಿಗೆ ಎಳೆದ ಗೀಟು ನಡುಮಧ್ಯದಲ್ಲಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಮುಂದುವರಿದಿತ್ತು. ಬರಿಗಣ್ಣಿಗೆ ಕಾಣುವಂಥದ್ದಲ್ಲ. ಎರಡನೆಯ, ಲೇಪವಿಲ್ಲದ ಹಣ್ಣಿನ ಪೆಟ್ಟಿಗೆಯ ಮುಚ್ಚಳದ ಮೇಲಿನ ಸಹಿಯಲ್ಲಿ ಗೀಟು ನೆಟ್ಟಗಿತ್ತು. ವೆಂಕಟರಾಯಪ್ಪನ ಕಿವಿ ಬಿಸಿಯಾಯಿತು. ಕೂದಲಷ್ಟೂ ಗೀರಿಲ್ಲ ಎಂದು ಕೂಗಿದ ತನ್ನ ದನಿ ಅವನಿಗೇ ಮತ್ತೆ ಕೇಳಿಸಿದ ಹಾಗಾಗಿ, "ಈಗ್ಲೇ ಹೋಗಿ ಹೇಳ್ಬಿಡ್ತೀನಿ!" ಎಂದು ಬಾಗಿಲ ಕಡೆ ನುಗ್ಗಿದ.

"ನಿಲ್ಲು. ತೆಗೆದಿದಾರೆ ಅನ್ನೋದಷ್ಟೇ ಗೊತ್ತಾಗಿದೆ. ಮೇಡಮ್ಮೇ ತೆಗೆದಿರಬೇಕು ಅಂತಾರೆ. ಯಾರು ಅಂತ ಗೊತ್ತಾಗಲಿ."

ಕೋಣೆಯ ಗೋಡೆಗೆ ಎರಡು ದೊಡ್ಡ ಫೋಟೋ ಅಂಟಿಸಿದ್ದರು. ಮೊದಲನೆಯದು ಲೇಪದ ಹಣ್ಣಿನ ಪೆಟ್ಟಿಗೆ ಮುಚ್ಚುವ ಮುಂಚೆ ಮೇಲಿನಿಂದ ತೆಗೆದದ್ದು: ಹಸಿರು ಹಳದಿಯ ಹನ್ನೆರಡು ಹಣ್ಣು, ಹನ್ನೆರಡು ತೊಟ್ಟು. ಒಂದು ಹಣ್ಣಿನ ಮೇಲೆ ಹುಣಸೆಬೀಜದ ಗಾತ್ರದ ಮಚ್ಚೆಯಿತ್ತು. ಎರಡನೆಯದು ಸೋಮವಾರದ್ದು: ಕಪ್ಪಾಗಿ ಕುಸಿದ ಹಣ್ಣುಗಳ ಚೂಪು ಮೂತಿಗಳು ಸಾಲಾಗಿ ಮೇಲೆದ್ದಿದ್ದವು. ಅಶ್ವತ್ಥಮ್ಮ ಎರಡನ್ನೂ ನೋಡಿ ಈಚೆ ಬಂದಳು.

ಮುನಿಕೃಷ್ಣರು ತಮ್ಮ ಕೋಣೆಯಲ್ಲಿ ಸಿಡುಕುತ್ತ ಕೂತಿದ್ದರು. ಮುಳಬಾಗಿಲಿನ ದೇವರಾಯಸಮುದ್ರದವರು, ರೇಷ್ಮೆ ಸಾಕುವ ಮನೆ. "ನನಗೆ ಆಕೆ ಮೇಲೆ ದ್ವೇಷ ಇಲ್ಲಮ್ಮ. ಬರೆದ ಹಾಗೆ ಮಾಡಿದ್ರೆ ಬರಲ್ಲ ಅಂದ್ರೆ ಬರೆದದ್ದು ತಪ್ಪು ತಾನೇ? ಅಷ್ಟೇ ನಾನು ಕೇಳಿದ್ದು," ಅಂದರು. ಅಶ್ವತ್ಥಮ್ಮ ಚೀಲ ಮುಂದಿಟ್ಟು, "ಒಂದಾರು ಹಣ್ಣು ನೀವೇ ತಟ್ಟೆಗಿಟ್ಕೊಳ್ಳಿ ಸಾರ್," ಎಂದಳು. ಅವರು ಗಾತ್ರದ ಪ್ರಕಾರ ಆರಿಸಿ, ಚಿಕ್ಕದರಿಂದ ದೊಡ್ಡದರವರೆಗೆ ಅಡ್ಡಡ್ಡ ಮಲಗಿಸಿದರು. ವೆಂಕಟರಾಯಪ್ಪನಿಗೆ ಅಷ್ಟರಲ್ಲೇ ಇವರೇ ಕಳ್ಳರೆಂದು ಖಾತ್ರಿಯಾಗಿತ್ತು.

ಚಂದನ ಶ್ರೀನಿವಾಸಪುರದ ಮಾವಿನ ತೋಟದ ಮನೆಯ ಹುಡುಗಿ. ಆರು ವರ್ಷದಿಂದ ಮೇಡಂ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು. "ಮೇಡಂ ಹೋದ್ರೆ ನನ್ನ ಥೀಸಿಸ್ಸೂ ಹೋಯ್ತು ಅಜ್ಜಿ," ಎನ್ನುತ್ತಲೇ ಹಣ್ಣುಗಳನ್ನು ಒಂದೊಂದಾಗಿ ತೊಟ್ಟು ಕೆಳಗೆ ಮಾಡಿ ತಟ್ಟೆಯಲ್ಲಿ ನಿಲ್ಲಿಸಿದಳು. ನಿಲ್ಲಿಸಿದವಳು ತಟ್ಟನೆ ಮೂಗೊರೆಸಿಕೊಂಡು ನಕ್ಕಳು.

"ನೋಡಿ, ಮತ್ತೆ ಹಿಂಗೇ ಇಟ್ಟೆ! ಆವತ್ತೂ ಹಿಂಗೇ ಇಟ್ಟು ಎಲ್ಲರ ಮುಂದೆ ಬೈಸ್ಕೊಂಡೆ. ನಮ್ಮ ಕಡೆ ಕಿತ್ತ ಕಾಯಿನ ತೊಟ್ಟು ಕೆಳಗೆ ಮಾಡೇ ಇಡೋದು. ಸೊನೆ ನೆಲಕ್ಕೆ ಸುರಿದುಹೋಗ್ಬೇಕು, ಕಾಯಿ ಮೇಲೆ ಹರಿದ್ರೆ ಸಿಪ್ಪೆ ಸುಡುತ್ತೆ. ಮೇಡಂ ಹನ್ನೆರಡೂ ತೆಗೆಸಿ ತೊಟ್ಟು ಮೇಲೆ ಮಾಡಿ ಇಡಿಸಿದ್ರು. ಕೊಳೆಯೋದು ತೊಟ್ಟಿನ ಹತ್ರದಿಂದ ತಾನೇ, ಮುಚ್ಚಳ ತೆಗೆದ ತಕ್ಷಣ ಸಮಿತಿಯವರಿಗೆ ಅದೇ ಕಾಣ್ಬೇಕು ಅಂತ."

"ಹೌದು ಹೌದು, ಚೆನ್ನಾಗಿ ಬೈದ್ರು," ಎಂದ ವೆಂಕಟರಾಯಪ್ಪ, ನೆನಪಾಗಿ. "ಮುನಿಕೃಷ್ಣ ಸಾರೂ ನಕ್ಕಿದ್ರು."

"ನಂದೀಶಣ್ಣ ಇದ್ದಿದ್ರೆ ನನ್ನ ಪರ ಮಾತಾಡೋರು. ಆವತ್ತು ಅವರು ನಾದಿನಿ ಮದುವೆಗೆ ಹೋಗಿದ್ರು."

ನಂದೀಶ ಒಳಗಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ. ನಲವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ, ಹತ್ತೊಂಬತ್ತು ವರ್ಷದಿಂದ ಅಲ್ಲೇ ಸಹಾಯಕ. ಫೋನಿನಲ್ಲಿ ಯಾರೊಂದಿಗೋ ತೆಲುಗಿನಲ್ಲಿ ಮಾತಾಡುತ್ತಿದ್ದವನು ಇವರನ್ನು ಕಂಡು ನಿಲ್ಲಿಸಿದ. ಮಾಸ್ತಿಯವನೆಂದು ತಿಳಿದು ಅಶ್ವತ್ಥಮ್ಮ ಅವನ ಮನೆಯವರನ್ನೆಲ್ಲ ವಿಚಾರಿಸಿಕೊಂಡಳು.

"ಮಾಸ್ತಿಯವನಿಗೆ ಇಷ್ಟು ಚೆನ್ನಾಗಿ ತೆಲುಗು ಎಲ್ಲಿಂದ ಬಂತಪ್ಪ?"

"ಹೆಂಡ್ತಿ ಕಡೆಯೋರು ಶ್ರೀನಿವಾಸಪುರದೋರು ಅಮ್ಮ. ಮದುವೆ ಆದಾಗಿಂದ ಪ್ರತಿ ಬೇಸಿಗೆ ರಜಾಕ್ಕೆ ಮಾವನ ಮಾವಿನ ತೋಟದಲ್ಲೇ ಕೆಲಸ," ಎನ್ನುತ್ತ ನಂದೀಶ ಅವಳು ಕೊಟ್ಟ ಹಣ್ಣುಗಳನ್ನು ಮೇಜಿನ ಮೇಲೆ ಜೋಡಿಸಿದ. ಕಣ್ಣು ಅಶ್ವತ್ಥಮ್ಮನ ಮೇಲಿತ್ತು; ಹಣ್ಣುಗಳು ತೊಟ್ಟು ಕೆಳಗಾಗಿ ನಿಂತವು.

ಅಶ್ವತ್ಥಮ್ಮ ಮೂಲೆಯಲ್ಲಿ ಮಡಿಸಿಟ್ಟಿದ್ದ ಒಂದು ಕರಿ ಕಂಬಳಿಯತ್ತ ಬೆರಳು ಮಾಡಿದಳು. "ಇಷ್ಟೆಲ್ಲ ಮೆಷಿನ್ ಇರೋ ಕಡೆ ಕಂಬಳಿ ಯಾತಕ್ಕೆ?"

ನಂದೀಶನ ಮುಖ ಮೊದಲ ಸಲ ಅರಳಿತು. "ದ್ರಾವಣ ಕುದಿಸಿದ ಮೇಲೆ ತಟ್ಟಂತ ತಣ್ಣಗಾದ್ರೆ ಒಡೆದೋಗುತ್ತೆ ಅಮ್ಮ. ಹಾಲಿಗೆ ಹೆಪ್ಪು ಹಾಕಿ ಬೆಚ್ಚಗೆ ಮುಚ್ಚಿಡ್ತೀವಲ್ಲ, ಹಂಗೇ ಪಾತ್ರೆಗೆ ಇದನ್ನ ಸುತ್ತಿ ಒಂದು ದಿನ ಬಿಡ್ಬೇಕು. ಆಗ ನೀರಿನಂಗೆ ತಿಳಿಯಾಗಿ ಬರುತ್ತೆ."

"ಮೇಡಂ ಕಂಡುಹಿಡಿದದ್ದಾ?"

"ಮೇಡಂ ಪೇಪರಿನಲ್ಲಿದೆಯಲ್ಲಮ್ಮ," ಎಂದ ನಂದೀಶ, ಮತ್ತೆ ನಲ್ಲಿಯ ಕಡೆ ತಿರುಗಿ.

ಹಿಂದಿರುಗುವ ದಾರಿಯಲ್ಲಿ ಸಾಮಾನಿನ ಕೋಣೆ. ಕೆಟ್ಟ ಯಂತ್ರಗಳ ಗುಡ್ಡೆ. ವೆಂಕಟರಾಯಪ್ಪ ಬೀರುವಿನಂಥ ಒಂದು ಹಳೆಯ ಓವನ್ನಿಗೆ ಒರಗಿ ನಿಂತ. 'ಕೆಟ್ಟಿದೆ' ಎಂದು ಚೀಟಿ ಅಂಟಿಸಿದ್ದ ಅದರ ಧೂಳೆಲ್ಲ ಅವನ ಬಿಳಿ ಅಂಗಿಗೆ ಬಂತು. ಅಶ್ವತ್ಥಮ್ಮ ಅವನ ಬೆನ್ನು ಕೊಡವಿ, ಓವನ್ನಿನ ಹಿಡಿಯ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡಳು. ಬೆರಳಿಗೆ ಧೂಳು ಹತ್ತಿರಲಿಲ್ಲ.

"ಬಾಗಿಲು ತೆಗೆಯಲ್ವಾ ಅಕ್ಕಾ?"

"ನಾಳೆ."

ಆ ಒಂದು ಮಾತಿಗೆ ವೆಂಕಟರಾಯಪ್ಪನ ಉಳಿದ ದಿನವೆಲ್ಲ ಹಾಳಾಯಿತು. ಕಳ್ಳ ಮುನಿಕೃಷ್ಣರೇ ಎಂದ, ಅಲ್ಲ, ಚಂದನಳೇ ಎಂದ, ಆರು ವರ್ಷ ಮುಗಿಸಲು ಬಿಡದಿದ್ದರೆ ಯಾರಿಗಾದರೂ ರೋಸುತ್ತದೆ ಎಂದು ತಾನೇ ವಾದಿಸಿ, ತಾನೇ ಬೇಡವೆಂದ. ಅಶ್ವತ್ಥಮ್ಮ ಹುರುಳಿಕಾಯಿ ಪಲ್ಯ ಬಡಿಸಿ ಅವನನ್ನು ಮನೆಗೆ ಅಟ್ಟಿದಳು.

ಶುಕ್ರವಾರ ಹನ್ನೊಂದಕ್ಕೆ ಎಲ್ಲರೂ ಲ್ಯಾಬಿನಲ್ಲಿ ಸೇರಿದರು. ಬೆಂಗಳೂರಿನಿಂದ ಬಂದ ಸಮಿತಿಯ ಅಧ್ಯಕ್ಷರು ವರದಿಯನ್ನು ಮೊದಲೇ ಟೈಪು ಮಾಡಿಸಿ ತಂದಿದ್ದರು, ಸಹಿ ಒಂದು ಬಾಕಿ. ಶೋಭಾರಾಣಿ ಕಿಟಕಿಯ ಪಕ್ಕ ನಿಂತಿದ್ದರು. ಮುನಿಕೃಷ್ಣ, ಚಂದನ, ನಂದೀಶ ಗೋಡೆಯ ಬದಿಗೆ. ಹಾಲಿನ ಡೈರಿಯ ಮುದುಕಿಯೊಬ್ಬಳು ಮಾತಾಡುತ್ತಾಳೆಂದು ಕೇಳಿ ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

"ಹತ್ತು ನಿಮಿಷ ಸಾಕು ಸಾರ್," ಎಂದಳು ಅಶ್ವತ್ಥಮ್ಮ. "ಮೊದಲು ಈ ಭೂತಗನ್ನಡಿಯಲ್ಲಿ ನಮ್ಮ ರಾಯಪ್ಪನ ಸಹಿ ನೋಡಿ. ಒಂದೇ ಏಟಿಗೆ ಎಳೆದ ಗೀಟು ನಡುವೆ ಸರಿದಿದೆ. ಇನ್ನೊಂದು ಪೆಟ್ಟಿಗೆಯದು ಸರಿದಿಲ್ಲ. ಅಂದ್ರೆ ಲೇಪದ ಹಣ್ಣಿದ್ದ ಪೆಟ್ಟಿಗೆಯ ಪಟ್ಟಿಯನ್ನ ಯಾರೋ ನಡುವೆ ಕತ್ತರಿಸಿ, ಅರ್ಧ ಗಂಟೆಯೊಳಗೆ ಮತ್ತೆ ಒತ್ತಿ, ಬಿಸಿಗಾಳಿ ತೋರಿಸಿ ಕೂಡಿಸಿದಾರೆ. ಒಳ್ಳೆ ಕೈ. ಆದ್ರೂ ಕೂದಲಷ್ಟು ತಪ್ಪಿದೆ."

ಅಧ್ಯಕ್ಷರು ನೋಡಿದರು. ಮುನಿಕೃಷ್ಣರೂ ಬಂದು ನೋಡಿ, "ನಿಜ," ಎಂದರು.

"ಈಗ ಫೋಟೋ ನೋಡಿ. ಮೊದಲನೇದರಲ್ಲಿ ತೊಟ್ಟು ಮೇಲಿವೆ. ಸೋಮವಾರದ್ದರಲ್ಲಿ ಒಂದೂ ತೊಟ್ಟು ಕಾಣಲ್ಲ, ಎಲ್ಲ ಮೂತಿ. ಮುಚ್ಚಿದ ಪೆಟ್ಟಿಗೇಲಿ ಹನ್ನೆರಡು ಹಣ್ಣು ತಾವಾಗೇ ತಲೆಕೆಳಗಾಗಲ್ಲ. ಬದಲಾಯಿಸಿದವರು ಹೊಸದಾಗಿ ಕಿತ್ತ ಕಾಯಿ ತಂದಿದ್ರು, ಅವಸರದಲ್ಲಿದ್ರು. ಅವಸರದಲ್ಲಿ ಕಣ್ಣು ಕೆಲಸ ಮಾಡಲ್ಲ, ಕೈಯ ರೂಢಿ ಮಾಡುತ್ತೆ. ಸೊನೆ ಇಳೀಲಿ ಅಂತ ತೊಟ್ಟು ಕೆಳಗೆ ಮಾಡೋ ರೂಢಿ ಮಾವಿನ ತೋಟದಲ್ಲಿ ದುಡಿದ ಕೈಗೆ ಮಾತ್ರ ಇರುತ್ತೆ. ನಿನ್ನೆ ಹಣ್ಣು ಕೊಟ್ಟು ನೋಡಿದೆ. ಮುನಿಕೃಷ್ಣ ಸಾರು ಅಡ್ಡ ಮಲಗಿಸಿದ್ರು. ಚಂದನ, ನಂದೀಶ ಇಬ್ಬರೂ ತೊಟ್ಟು ಕೆಳಗೆ ಮಾಡಿದ್ರು."

ಚಂದನಳ ಮುಖ ಬಿಳಿಚಿತು.

"ಹೆದರಬೇಡ ಮಗು. ಎಲ್ಲರ ಎದುರಿಗೆ ಬೈಸ್ಕೊಂಡು ಹನ್ನೆರಡೂ ತಿರುಗಿಸಿಟ್ಟೋಳು ನೀನು. ನಿನ್ನೆ ನನ್ನ ತಟ್ಟೇಲಿ ಇಟ್ಟ ಮರುಕ್ಷಣವೇ ನಿನಗದು ನೆನಪಾಯ್ತು. ಆ ಪೆಟ್ಟಿಗೆ ಮುಂದೆ ನಿಂತಿದ್ರೆ ನೆನಪಾಗದೇ ಇರ್ತಿತ್ತಾ? ಆ ಬೈಗುಳ ಕೇಳದೇ ಇದ್ದೋನು ಒಬ್ಬನೇ. ಆವತ್ತು ನಾದಿನಿ ಮದುವೆಗೆ ಶ್ರೀನಿವಾಸಪುರಕ್ಕೆ ಹೋಗಿದ್ದ. ಬರುವಾಗ ಮಾವನ ತೋಟದ ಹಣ್ಣು ತಂದ."

ಎಲ್ಲರೂ ನಂದೀಶನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ. "ನಂದೀಶನಾ?" ಎಂದರು ಶೋಭಾರಾಣಿ. ಬೇರೆ ಯಾರ ಹೆಸರು ಹೇಳಿದ್ದರೂ ಅವರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

"ಯಾಕೆ ಅನ್ನೋದನ್ನ ಕಂಬಳಿ ಹೇಳಿತು," ಎಂದಳು ಅಶ್ವತ್ಥಮ್ಮ. "ಮುನಿಕೃಷ್ಣ ಸಾರು ಮೂರು ಸಲ ಮಾಡಿದ್ರೂ ಒಡೆದುಹೋಯ್ತಲ್ಲ, ಅಂದ್ರೆ ಪೇಪರಿನಲ್ಲಿ ಕಂಬಳಿ ಇಲ್ಲ. ಮೇಡಂ, ಅದು ಯಾರ ಉಪಾಯ?"

ಶೋಭಾರಾಣಿ ಒಳಗಿನ ಲ್ಯಾಬಿನ ಬಾಗಿಲ ಕಡೆ ನೋಡಿದರು.

"ಅದು ಆಮೇಲಾಗಲಿ. ಮೇಡಂ ಹಾಳಾಗಲಿ ಅಂತಷ್ಟೇ ಇದ್ದೋನು ಆ ಲೇಪದ ಹಣ್ಣನ್ನ ತಿಪ್ಪೆಗೆ ಎಸೀತಿದ್ದ. ಇದನ್ನ ಮಾಡಿದ ಕೈಯೇ ಎಸೆಯೋಕೆ ಹೋದ್ರೆ ಹೆಂಗೆ ಬರುತ್ತೆ ಮನಸ್ಸು? ಸಾಮಾನಿನ ಕೋಣೇಲಿ ಒಂದು ಕೆಟ್ಟ ಓವನ್ ಇದೆ. ಮೈಯೆಲ್ಲ ಧೂಳು, ಹಿಡಿ ಮಾತ್ರ ಶುಭ್ರ. ನಾನು ತೆಗೆದಿಲ್ಲ. ನಂದೀಶ, ನೀನೇ ತೆಗೆಯಪ್ಪ."

ನಂದೀಶ ಹೋದ. ಎಲ್ಲರೂ ಹಿಂದೆ ಹೋದರು. ಬಾಗಿಲು ತೆಗೆದಾಗ ಹತ್ತಿ ಬಟ್ಟೆಯ ಮೇಲೆ ಹನ್ನೆರಡು ಬಾದಾಮಿ ಹಣ್ಣುಗಳಿದ್ದವು. ಬಣ್ಣ ಪೂರ್ತಿ ತಿರುಗಿತ್ತು, ಸಿಪ್ಪೆ ಬಿಗಿಯಾಗಿತ್ತು, ಯಾವೊಂದರ ತೊಟ್ಟಿನ ಸುತ್ತಲೂ ಕಪ್ಪಿರಲಿಲ್ಲ. ಹುಣಸೆಬೀಜದ ಗಾತ್ರದ ಮಚ್ಚೆಯ ಹಣ್ಣು ಮುಂದುಗಡೆಯೇ ಇತ್ತು. ಮುನಿಕೃಷ್ಣರು ಅದನ್ನು ಎತ್ತಿ ಲ್ಯಾಬಿಗೆ ತಂದು ಫೋಟೋದ ಪಕ್ಕ ಹಿಡಿದರು. ಉಗುರಿನಿಂದ ಸಿಪ್ಪೆಯ ಮೇಲೆ ಗೀರಿ, ಬಿಸಿಗಾಳಿ ತೋರಿಸಿದರು. ಗೀರು ಎಲ್ಲರ ಕಣ್ಣೆದುರೇ ಮಾಯವಾಯಿತು. "ಇಪ್ಪತ್ತೈದು ದಿನ," ಎಂದರು ಮುನಿಕೃಷ್ಣ ಮೆಲ್ಲಗೆ. ದೂರು ಕೊಟ್ಟವರು ಅವರೇ ಆದರೂ ಅವರ ಮುಖದಲ್ಲಿ ಸಂತೋಷವಿತ್ತು.

"ನಾ ಚೇತುಲ್ತೋ ಚೇಸಿಂದಿ," ಎಂದ ನಂದೀಶ. ಸಂಕಟದಲ್ಲಿ ದಿನಾ ಮನೆಯಲ್ಲಾಡುವ ತೆಲುಗೇ ಮೊದಲು ಬಂತು. "ನನ್ನ ಕೈಯಾರೆ ಮಾಡಿದ್ದಮ್ಮ ಇದು. ಒಂದು ದಿನ ಕರೆಂಟು ಹೋಯ್ತು, ಪಾತ್ರೆ ಬಿಸಿ ಇತ್ತು, ಹಾಳಾಗದಿರಲಿ ಅಂತ ನನ್ನ ಕಂಬಳಿ ಸುತ್ತಿಟ್ಟೆ. ಮಾರನೇ ದಿನ ತಿಳಿಯಾಗಿ ಬಂದಿತ್ತು. ಮೇಡಂ ಕುಣಿದಾಡಿದ್ರು. ಈ ಯುಗಾದಿ ಆದ್ಮೇಲೆ ಚಂದನಮ್ಮನ ಹತ್ರ ಆ ಪೇಪರು ಓದಿಸ್ಕೊಂಡೆ. ಕೊನೇಲಿ ಎಲ್ಲರಿಗೂ ಕೃತಜ್ಞತೆ ಇತ್ತು. ಬೆಂಗಳೂರಿನ ಮೈಕ್ರೋಸ್ಕೋಪಿಗೂ ಇತ್ತು."

ವೆಂಕಟರಾಯಪ್ಪನಿಗೆ ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ.

"ಮೇಡಂನ ಹಾಳುಮಾಡ್ಬೇಕು ಅಂತಿರ್ಲಿಲ್ಲ. ಎಲ್ಲಾ ಕೊಳೆತದ್ದು ಕಂಡಾಗ 'ನಂದೀಶ, ಯಾಕೆ ಹಿಂಗಾಯ್ತು' ಅಂತ ನನ್ನ ಕೇಳ್ತಾರೆ, ಆಗ ತೆಗೆದು ಕೊಡೋಣ ಅಂತಿದ್ದೆ. ನಾಲ್ಕು ದಿನ ಕಾದೆ. ಎಲ್ಲರನ್ನೂ ಕೇಳಿದ್ರು. ನನ್ನ ಕೇಳಲಿಲ್ಲ."

ಅಧ್ಯಕ್ಷರು ಟೈಪು ಮಾಡಿಸಿದ ವರದಿಯನ್ನು ಎರಡಾಗಿ ಹರಿದರು. ಲೇಪದ ಫಲಿತಾಂಶ ನಿಜವೆಂದು ಹೊಸ ಹಾಳೆಯಲ್ಲಿ ಕೈಯಲ್ಲೇ ಬರೆದರು. ನಂದೀಶನ ವಿಷಯ ಆಡಳಿತ ಮಂಡಳಿ ನೋಡಿಕೊಳ್ಳುತ್ತದೆ, ಕೆಲಸ ಉಳಿಯುವುದು ಕಷ್ಟ ಎಂದರು. "ನಾನು ದೂರು ಕೊಡಲ್ಲ," ಎಂದರು ಶೋಭಾರಾಣಿ. "ಅದು ಅವರಿಗೆ ಬಿಟ್ಟದ್ದು," ಎಂದು ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿದರು.

"ಮುಚ್ಚಬೇಡಿ ಸಾರ್. ಇನ್ನೊಂದು ಬರಕೊಳ್ಳಿ. ದ್ರಾವಣ ನಿಧಾನವಾಗಿ ತಣಿಸೋ ವಿಧಾನ ನನ್ನದಲ್ಲ. ಅದಿಲ್ಲದಿದ್ರೆ ಆ ಪೇಪರೇ ಇಲ್ಲ. ಕಂಬಳಿ ಅಂತ ಬರೆಯೋಕೆ ನಾಚಿಕೆಯಾಗಿ ನಾನು 'ನಿಯಂತ್ರಿತ ತಣಿಸುವಿಕೆ' ಅಂತ ಬರೆದೆ. ಅದಕ್ಕೇ ಮುನಿಕೃಷ್ಣ ಅವರಿಗೆ ಬರಲಿಲ್ಲ. ಅವರ ದೂರು ಸರಿಯಾಗೇ ಇತ್ತು."

ಅಧ್ಯಕ್ಷರು ಕನ್ನಡಕ ತೆಗೆದರು. "ಮೇಡಂ, ಯೋಚನೆ ಮಾಡಿ. ಈಗಷ್ಟೇ ನಿಮ್ಮ ಹೆಸರು ಉಳೀತು. ಇದನ್ನ ಬರೆದರೆ ಪೇಪರ್ ತಿದ್ದಬೇಕು, ಬೇರೊಬ್ಬರ ಕೆಲಸ ನಿಮ್ಮದು ಅಂತ ತೋರಿಸಿದ್ದಕ್ಕೆ ಇನ್ನೊಂದು ವಿಚಾರಣೆ ಆಗುತ್ತೆ. ಇಲ್ಲಿಗೆ ಬಿಟ್ಟುಬಿಡಿ."

"ನೀವು ಬರೆಯಲ್ಲ ಅಂದ್ರೆ ನಾನೇ ಬರೀತೀನಿ," ಎಂದು ಶೋಭಾರಾಣಿ ಹಾಳೆ ಎಳೆದುಕೊಂಡು ಪೆನ್ನು ತೆಗೆದರು. ಸಂಶೋಧಕರ ಹೆಸರುಗಳೆಂದು ಬರೆದು ಮೊದಲು ತಮ್ಮದು, ಆಮೇಲೆ ಚಂದನಳದು ಬರೆದರು. ಮೂರನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅವರು ತಲೆಯೆತ್ತಿದಾಗ ಮುಖ ಕೆಂಪೇರಿತ್ತು.

"ನಂದೀಶ," ಎಂದರು, "ನಿನ್ನ ಇನಿಷಿಯಲ್ ಏನು?"

ಹತ್ತೊಂಬತ್ತು ವರ್ಷದ ಮೇಲೆ ಕೇಳಿದ ಪ್ರಶ್ನೆ ಅದು. ನಂದೀಶ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಎಂ, ಮೇಡಂ. ನಮ್ಮಪ್ಪ ಮುನಿರಾಮಪ್ಪ."

ಶೋಭಾರಾಣಿ ಅದನ್ನು ಬರೆದು, ಸರಿಯಾಗಿದೆಯೇ ನೋಡು ಎಂದು ಹಾಳೆಯನ್ನು ಅವನ ಕಡೆಗೆ ತಿರುಗಿಸಿದರು.